ದಾರುಗೃಹಗಳ ಪುನರುಜ್ಜೀವನ

ಕಲ್ಲು ಶಾಶ್ವತ, ಮರ ನಶ್ವರ ಎಂಬುದು ಲೋಕರೂಢಿಯ ಮಾತು. ಪರಂತು ಜಪಾನಿನ ಇತಿಹಾಸವನ್ನು ಪರಿಶೀಲಿಸುವವರಿಗೆ ಇದು ಅರ್ಧಸತ್ಯವೆಂದು ತೋರದಿರದು. ಅಲ್ಲಿಯ ನಾರಾ ಪ್ರಾಂತದ ಹೋರ್ಯೂಜಿ ಎಂಬ ಬೌದ್ಧವಿಹಾರದ ಮರದ ಮಂದಿರಗಳು ಸುಮಾರು 1300 ವರ್ಷಗಳಿಂದ ನಿಂತಿವೆ. ಲೋಕದಲ್ಲಿ ಉಳಿದಿರುವ ದಾರುಗೃಹಗಳಲ್ಲಿ ಇವೇ ಅತಿ ಪ್ರಾಚೀನವಾದುವು.

ಇಂತಹ ದೇಶವೂ ಒಮ್ಮೆ ಮರಕ್ಕೆ ವಿಮುಖವಾಯಿತು. 1923ರ ಭೂಕಂಪದ ಬೆನ್ನಿಗೆ ಹೊತ್ತಿದ ಬೆಂಕಿಯೂ 1945ರ ವಾಯುದಾಳಿಗಳೂ ಟೋಕಿಯೋ ನಗರವನ್ನು ದಹಿಸಿದುವು. ಆ ಭೀತಿಯಿಂದ, 1950ರ ದಶಕದಲ್ಲಿ ಸಾರ್ವಜನಿಕ ಕಟ್ಟಡಗಳಿಗೆ ಮರ ಸಲ್ಲದೆಂಬ ನೀತಿಯು ನೆಲೆಗೊಂಡು, ಕಾಂಕ್ರೀಟಿಗೆ ಅಗ್ರಪೂಜೆ ಸಂದಿತು. ಯುದ್ಧಾನಂತರ ಬೋಳುಗುಡ್ಡಗಳ ಮೇಲೆ ನೆಟ್ಟ ಸುಗಿ, ಹಿನೋಕಿ ಮರಗಳು ಬಲಿಯುವಷ್ಟರಲ್ಲಿ ಪರದೇಶದ ಮರವು ಪೇಟೆಯನ್ನು ತುಂಬಿತು. ನೆಟ್ಟ ತೋಪುಗಳು ಕೇಳುವವರಿಲ್ಲದೆ ನಿಂತುವು.

2010ರಲ್ಲಿ ಆ ಸರಕಾರವು ಸಾರ್ವಜನಿಕ ಕಟ್ಟಡಗಳಲ್ಲಿ ಮರದ ಬಳಕೆಯನ್ನು ಪ್ರೋತ್ಸಾಹಿಸುವ ಶಾಸನವನ್ನು ಮಾಡಿತು. 2021ರಲ್ಲಿ ಅದನ್ನು ಇತರ ಕಟ್ಟಡಗಳಿಗೂ ವಿಸ್ತರಿಸಿತು. ಮರವು ಬೆಳೆಯುವಾಗ ವಾಯುವಿನಿಂದ ಹೀರಿದ ಇಂಗಾಲವನ್ನು ತೊಲೆಯಾದ ಮೇಲೂ ತನ್ನಲ್ಲಿ ಹಿಡಿದಿರುತ್ತದೆ. ಸಿಮೆಂಟಾದರೋ ಸುಣ್ಣಕಲ್ಲು ಬೇಯುವಾಗಲೇ ಇಂಗಾಲಾಮ್ಲವನ್ನು ಹೊರಸೂಸುತ್ತದೆ. ಬೆಂಕಿಯ ಭಯಕ್ಕೂ ಸಮಾಧಾನವುಂಟು: ದಪ್ಪ ತೊಲೆಯ ಹೊರಮೈ ಇದ್ದಿಲಾಗಿ, ಒಳತಿರುಳನ್ನು ಬಹಳ ಹೊತ್ತು ಕಾಯುತ್ತದೆ.

ಹಾಗಾದರೆ ಕಾಡಿನ ಗತಿಯೇನೆಂದು ವಾಚಕರು ಕೇಳಬಹುದು. ಪ್ರಶ್ನೆ ಯುಕ್ತವೇ ಸರಿ. ಉತ್ತರವು ಇಸೇ ಕ್ಷೇತ್ರದಲ್ಲಿದೆ. ಅಲ್ಲಿಯ ದೇವಾಲಯವನ್ನು 20 ವರ್ಷಗಳಿಗೊಮ್ಮೆ ಹೊಸ ಮರದಿಂದ ಕಟ್ಟುವ ಪದ್ಧತಿಯು 690ರಲ್ಲಿ ಮೊದಲಾಯಿತು. ಅಂತಃಕಲಹದ ದಿನಗಳಲ್ಲಿ ಶತಮಾನಕ್ಕೂ ಮಿಕ್ಕು ನಿಂತುಹೋಗಿದ್ದ ಈ ಕಾರ್ಯವು 2013ರಲ್ಲಿ 62ನೆಯ ಸಲ ನೆರವೇರಿತು. ಸಮೀಪದ ಕಾಡು ಬರಿದಾದುದರಿಂದ ಬಹುಕಾಲ ದೂರದ ಕಿಸೋ ಮಲೆಗಳಿಂದ ಮರವನ್ನು ತರಬೇಕಾಗಿತ್ತು. ಟೋಕಿಯೋ ಉರಿದ ಆ 1923ರಲ್ಲಿಯೇ ಇಸೇ ಕ್ಷೇತ್ರದವರು 200 ವರ್ಷಗಳಲ್ಲಿ ಫಲಿಸತಕ್ಕ ಯೋಜನೆಯೊಂದನ್ನು ಹೂಡಿ, ತಮ್ಮ ವನದಲ್ಲಿ ಹಿನೋಕಿಯನ್ನು ಬೆಳೆಸತೊಡಗಿದರು. 2013ರ ನಿರ್ಮಾಣಕ್ಕೆ ಸುಮಾರು ಕಾಲುಭಾಗ ಮರವು ಆ ವನದಿಂದಲೇ ಒದಗಿತು.

ನೆಟ್ಟವರಲ್ಲಿ ಯಾರಿಗೂ ಆ ಮರಗಳು ಕಂಬವಾಗುವುದನ್ನು ಕಾಣುವ ಆಸೆಯಿರಲಿಲ್ಲ. ಮರದ ಮನೆ ಬಾಳುವುದು ಮರದ ಬಲದಿಂದಲ್ಲ, ನೆಡುವವರ ಪರಂಪರೆಯಿಂದ. ಆ ಪರಂಪರೆಯಿಲ್ಲದ ಕಡೆ ಮರವನ್ನು ಮತ್ತೆ ಬಳಸುವುದು ಪುನರುಜ್ಜೀವನವೆನಿಸದು. ಕಾಡಿನ ಸಾಲವನ್ನು ಹೆಚ್ಚಿಸಿದಂತಾದೀತು.