ಮುಂಬಯಿ ಪ್ರಾಂತದ ಚಿತ್ರಶಿಕ್ಷಣದಲ್ಲಿ ವಿದ್ಯಾರ್ಥಿಯ ಆಯ್ಕೆ

ಚಚಡಿ ಗ್ರಾಮವಿರುವ ಬೆಳಗಾವಿ ಜಿಲ್ಲೆಯು 1956ನೆಯ ನವೆಂಬರ್ 1ರ ವರೆಗೆ ಮುಂಬಯಿಯ ಆಡಳಿತಕ್ಕೆ ಒಳಪಟ್ಟಿದ್ದಿತು. ಆದಕಾರಣ ಆ ಸೀಮೆಯ ಶಾಲೆಗಳ ಚಿತ್ರಶಿಕ್ಷಣದ ಚರಿತ್ರೆಯನ್ನು ಮುಂಬಯಿಯಿಂದಲೇ ಆರಂಭಿಸತಕ್ಕದ್ದು. ಅಲ್ಲಿ 1857ರಲ್ಲಿ ಸರ್ ಜೆ. ಜೆ. ಕಲಾಶಾಲೆಯು ಸ್ಥಾಪಿತವಾಯಿತು, ಮುಂದೆ ಶಾಲಾ ವಿದ್ಯಾರ್ಥಿಗಳಿಗೆ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಎಂಬ ಎರಡು ಚಿತ್ರಪರೀಕ್ಷೆಗಳು ಏರ್ಪಟ್ಟವು. ಪಾತ್ರೆ, ಎಲೆ, ರೇಖಾಕೃತಿ ಮೊದಲಾದುವನ್ನು ಇದ್ದಂತೆಯೇ ಬರೆಯುವ ಕೌಶಲಕ್ಕೆ ಇವುಗಳಲ್ಲಿ ಪ್ರಾಧಾನ್ಯವು. ವಸ್ತುವನ್ನು ಆರಿಸುವವನು ಪರೀಕ್ಷಕನೇ ಹೊರತು ವಿದ್ಯಾರ್ಥಿಯಲ್ಲ.

ಆದರೂ ಈ ಪದ್ಧತಿಯನ್ನು ಕೇವಲ ಅನುಕರಣವೆಂದು ತಳ್ಳಿಬಿಡುವುದು ಯುಕ್ತವಲ್ಲ. ಸ್ಮೃತಿಚಿತ್ರವೆಂಬುದು ಅದರ ವಿಷಯಗಳಲ್ಲೊಂದು. ಸಂತೆ, ಹಬ್ಬ ಮುಂತಾದ ಪ್ರಸಂಗವನ್ನು ಮಾತ್ರ ಸೂಚಿಸಿದರೆ, ಯಾರನ್ನು ಎಲ್ಲಿ ನಿಲ್ಲಿಸಬೇಕು, ಯಾವುದನ್ನು ಬಿಡಬೇಕು ಎಂಬ ನಿರ್ಣಯವು ವಿದ್ಯಾರ್ಥಿಯದು. ಹಳ್ಳಿಯ ಹುಡುಗನು ತಾನು ಕಂಡ ಸಂತೆಯನ್ನೇ ಬರೆಯಲು ಇಲ್ಲಿ ಅವಕಾಶವುಂಟು. 1897ರಲ್ಲಿ ವಿಯೆನ್ನಾದಲ್ಲಿ ಮಕ್ಕಳ ಕಲಾವರ್ಗವನ್ನು ತೆರೆದ ಫ್ರಾಂಟ್ಸ್ ಚಿಜೆಕ್ ಪ್ರತಿಪಾದಿಸಿದ ಸ್ವತಂತ್ರ ಅಭಿವ್ಯಕ್ತಿಯ ತತ್ತ್ವವು ಇಲ್ಲಿ ಕಿರಿದಾಗಿಯಾದರೂ ಗೋಚರಿಸುತ್ತದೆ.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೆಯ ತರಗತಿಯ ವರೆಗೆ ಕಲೆಯು ಕಡ್ಡಾಯವಾಗಬೇಕೆಂದು ಸೂಚಿಸಿತು. ವಿಷಯವು ಕಡ್ಡಾಯವಾದರೆ ಸಾಲದು. ಅದರೊಳಗೆ ಆಯ್ಕೆಗೆ ಎಡೆಯಿರಬೇಕು. ಕೈ ಪಳಗದೆ ಆಯ್ಕೆಯು ಸಾರ್ಥಕವಾಗದೆಂಬುದೂ, ಆಯ್ಕೆಯಿಲ್ಲದೆ ಪಳಗಿದ ಕೈ ತನ್ನದಾಗದೆಂಬುದೂ ಆ ಹಳೆಯ ಪರೀಕ್ಷೆಗಳಿಂದ ತಿಳಿಯತಕ್ಕ ಪಾಠವು.