‘ಟಕ್’ ಎಂದ ತಕ್ಷಣ ಡಿಸ್ಕ್ ಜಾಗಕ್ಕೆ ಕೂರುತ್ತದೆಯೇ? ಕೈರೋಪ್ರಾಕ್ಟಿಕ್ ಬಗ್ಗೆ ತಿಳಿದಿರಬೇಕಾದ ವಿಷಯಗಳು

ಸೊಂಟ ಹಿಡಿದುಕೊಂಡು ಬಂದವರನ್ನು ಮಲಗಿಸಿ ಒಮ್ಮೆ ತಿರುಚುತ್ತಾರೆ. ‘ಟಕ್’ ಎಂದು ಸದ್ದು ಕೇಳಿಸುತ್ತದೆ. ಎದ್ದವರು ನಗುತ್ತಾ ನಡೆದು ಹೋಗುತ್ತಾರೆ. ‘ಆಪರೇಷನ್ ಬೇಡ, ಒಂದೇ ಸಲಕ್ಕೆ ಡಿಸ್ಕ್ ಸರಿಹೋಗುತ್ತದೆ’ ಎಂಬ ಬರಹದೊಂದಿಗೆ ಇಂತಹ ರೀಲ್‌ಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿರುತ್ತವೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯಲ್ಲಿ ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂರುವವರಿಗೂ, ಪೀಣ್ಯದಲ್ಲಿ ಪಾಳಿ ಮುಗಿಯುವವರೆಗೆ ಮಷೀನ್ ಮುಂದೆ ನಿಲ್ಲುವವರಿಗೂ ಬೆನ್ನುನೋವು ಹೊಸದಲ್ಲ. ಹಾಗಾಗಿ ಈ ವಿಡಿಯೊಗಳನ್ನು ನಂಬುವ ಮೊದಲು ಒಂದಿಷ್ಟು ತಿಳಿದುಕೊಳ್ಳುವುದು ಒಳ್ಳೆಯದು.

ಒಂದೇ ಮಾತಿನಲ್ಲಿ ಹೇಳುವುದಾದರೆ

ಕೆಳಬೆನ್ನಿನ ನೋವಿಗೆ ಈ ವಿಧಾನದಿಂದ ಸ್ವಲ್ಪ ಆರಾಮ ಸಿಗಬಹುದು, ಆದರೆ ಅದು ವ್ಯಾಯಾಮದಿಂದ ಸಿಗುವುದಕ್ಕಿಂತ ಹೆಚ್ಚೇನಲ್ಲ. ಡಿಸ್ಕ್ ಜಾಗಕ್ಕೆ ಕೂರುತ್ತದೆ ಎಂಬುದು ತಪ್ಪು. ಕತ್ತನ್ನು ಜೋರಾಗಿ ತಿರುಚುವುದು ಅಪರೂಪಕ್ಕಾದರೂ ಪಾರ್ಶ್ವವಾಯುವಿಗೆ ದಾರಿಯಾಗಬಹುದು.

ಕೈರೋಪ್ರಾಕ್ಟಿಕ್ ಎಂದರೇನು?

1895ರಲ್ಲಿ ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟ್‌ನಲ್ಲಿ ಡಿ.ಡಿ. ಪಾಮರ್ ಎಂಬಾತ ಇದನ್ನು ಆರಂಭಿಸಿದ. ಆತ ವೈದ್ಯನಲ್ಲ, ಅಯಸ್ಕಾಂತ ಶಕ್ತಿಯ ಹೆಸರಿನಲ್ಲಿ ಚಿಕಿತ್ಸೆ ನೀಡುತ್ತಿದ್ದವನು. ಬೆನ್ನೆಲುಬಿನ ಮೂಳೆಗಳು ಜಾಗ ತಪ್ಪುವುದೇ ಹೆಚ್ಚಿನ ಕಾಯಿಲೆಗಳಿಗೆ ಕಾರಣ ಎಂಬುದು ಆತನ ವಾದ. ಈ ‘ಜಾಗ ತಪ್ಪುವಿಕೆ’ಗೆ ಸಬ್‌ಲಕ್ಸೇಶನ್ ಎಂದು ಹೆಸರಿಟ್ಟರು. ಅದು ಕಾಯಿಲೆ ತರುತ್ತದೆ ಎನ್ನಲು ಸಂಶೋಧನೆಯ ಆಧಾರವಿಲ್ಲ ಎಂದು ಬ್ರಿಟನ್ನಿನಲ್ಲಿ ಕೈರೋಪ್ರಾಕ್ಟರ್‌ಗಳನ್ನೇ ನಿಯಂತ್ರಿಸುವ ಮಂಡಳಿ 2010ರಲ್ಲಿ ಸ್ಪಷ್ಟಪಡಿಸಿತು. ಅಸ್ತಮಾ, ಬಿಪಿ, ಶುಗರ್ ವಾಸಿಯಾಗುತ್ತದೆ ಎಂಬ ಫಾರ್ವರ್ಡ್‌ಗಳನ್ನು ನಂಬಬೇಡಿ.

ನಮಗೆ ಇದು ಬೇಗ ಒಪ್ಪಿಗೆಯಾಗಲು ಕಾರಣವಿದೆ. ಉಳುಕು ತೆಗೆಯುವವರು, ಪುತ್ತೂರು ಕಟ್ಟು ಹಾಕುವವರು ನಮ್ಮಲ್ಲಿ ಹಿಂದಿನಿಂದಲೂ ಇದ್ದಾರೆ. ಕಾಲು ಮುಂದಾಗಿ ಹುಟ್ಟಿದವರು ಬೆನ್ನಿಗೆ ಒದ್ದರೆ ಉಳುಕು ಹೋಗುತ್ತದೆ ಎಂಬ ನಂಬಿಕೆಯೂ ಇದೆ. ಹಳೆಯ ನಂಬಿಕೆಯೇ ಬಿಳಿ ಕೋಟು ಹಾಕಿಕೊಂಡು ಬಂದಾಗ ವಿಜ್ಞಾನದಂತೆ ಕಾಣುತ್ತದೆ.

ಆ ಸದ್ದು ಎಲ್ಲಿಂದ ಬರುತ್ತದೆ?

ಅದು ಮೂಳೆ ಕೂರುವ ಸದ್ದಲ್ಲ. ಕೀಲುಗಳ ಒಳಗೆ ಎಣ್ಣೆಯಂತಹ ದ್ರವ ಇರುತ್ತದೆ. ಕೀಲನ್ನು ತಟ್ಟನೆ ಎಳೆದಾಗ ಒಳಗಿನ ಒತ್ತಡ ಕುಸಿದು ಅನಿಲದ ಗುಳ್ಳೆ ಉಂಟಾಗುತ್ತದೆ, ಸದ್ದು ಇದಕ್ಕೆ ಸಂಬಂಧಿಸಿದ್ದು. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಬೆರಳು ನೆಟಿಗೆ ತೆಗೆಯುವುದನ್ನು ಎಂಆರ್‌ಐನಲ್ಲಿ ಸೆರೆಹಿಡಿದು ಇದನ್ನು ತೋರಿಸಿದರು. ನಾವು ನೆಟಿಗೆ ಮುರಿದಾಗ ಕೇಳುವುದೂ ಇದೇ ಸದ್ದು. ಇನ್ನು ‘ಡಿಸ್ಕ್ ಸ್ಲಿಪ್’ ಎನ್ನುತ್ತೇವಲ್ಲ, ಡಿಸ್ಕ್ ನಿಜಕ್ಕೂ ಜಾರುವುದಿಲ್ಲ. ಅದು ಮೇಲಿನ ಮತ್ತು ಕೆಳಗಿನ ಮೂಳೆಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಉಬ್ಬುವುದು ಅಥವಾ ಹೊರಬರುವುದು ಅದರೊಳಗಿನ ಮೆತ್ತನೆಯ ಭಾಗ. ಅದನ್ನು ಹೊರಗಿನಿಂದ ಒತ್ತಿ ಒಳಗೆ ಕೂರಿಸಲು ಆಗುವುದಿಲ್ಲ.

ಹಾಗಾದರೆ ನೋವು ಕಡಿಮೆಯಾಗುವುದು ಹೇಗೆ?

ಕೆಲವರಿಗೆ ಕಡಿಮೆಯಾಗುವುದು ನಿಜ. ಸ್ನಾಯುಗಳ ಬಿಗಿತ ಸ್ವಲ್ಪ ಹೊತ್ತು ಸಡಿಲವಾಗುತ್ತದೆ. ಜೊತೆಗೆ, ಹೊಸದಾಗಿ ಬಂದ ಬೆನ್ನುನೋವು ಹೆಚ್ಚಿನವರಲ್ಲಿ ಕೆಲವೇ ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಉಬ್ಬಿದ ಡಿಸ್ಕ್ ಕೂಡ ಎಷ್ಟೋ ಜನರಲ್ಲಿ ಕಾಲಕ್ರಮೇಣ ಕುಗ್ಗುತ್ತದೆ. ಆ ಹೊತ್ತಿನಲ್ಲಿ ಯಾರ ಬಳಿ ಹೋಗಿದ್ದೇವೋ ಅವರಿಗೆ ಹೆಸರು ಬರುತ್ತದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಬಹುಕಾಲದ ಬೆನ್ನುನೋವಿಗೆ ಈ ವಿಧಾನ ವ್ಯಾಯಾಮದಂತಹ ಚಿಕಿತ್ಸೆಗಳಷ್ಟೇ ಫಲ ಕೊಟ್ಟಿದೆ. ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿಯಲ್ಲಿ ವ್ಯಾಯಾಮ ಮತ್ತು ತಿಳಿವಳಿಕೆಯ ಜೊತೆಗೆ ಇದಕ್ಕೂ ಒಂದು ಜಾಗವಿದೆ. ಆದರೆ ಇದೊಂದೇ ಸಾಕು ಎಂದು ಅದು ಹೇಳಿಲ್ಲ.

ಕತ್ತಿನ ವಿಷಯದಲ್ಲಿ ಎಚ್ಚರ ಏಕೆ?

ಮಿದುಳಿಗೆ ರಕ್ತ ಒಯ್ಯುವ ನಾಲ್ಕು ಮುಖ್ಯ ರಕ್ತನಾಳಗಳು ಕತ್ತಿನ ಮೂಲಕ ಹೋಗುತ್ತವೆ. ತಟ್ಟನೆ ತಿರುಚಿದಾಗ ಅವುಗಳ ಒಳಪದರ ಹರಿದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆಗಬಹುದು. ಇದಕ್ಕೆ ಕತ್ತು ತಿರುಚುವುದೇ ಕಾರಣ ಎಂದು ಸಾಬೀತಾಗದಿದ್ದರೂ ಎರಡಕ್ಕೂ ನಂಟಿದೆ, ಹಾಗಾಗಿ ರೋಗಿಗೆ ಮೊದಲೇ ತಿಳಿಸಬೇಕು ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2014ರಲ್ಲಿ ಹೇಳಿತು. ಹೇರ್‌ಕಟ್ ಆದ ಮೇಲೆ ಸಲೂನ್‌ನಲ್ಲಿ ಕತ್ತಿನ ನೆಟಿಗೆ ತೆಗೆಸಿಕೊಳ್ಳುವವರಿಗೂ ಇದು ಅನ್ವಯಿಸುತ್ತದೆ. ಬಳ್ಳಾರಿಯ 30 ವರ್ಷದ ಯುವಕನೊಬ್ಬ ಹೀಗೆ ಸಲೂನ್‌ನಲ್ಲಿ ಕತ್ತು ತಿರುಚಿಸಿಕೊಂಡು ಪಾರ್ಶ್ವವಾಯುವಿಗೆ ತುತ್ತಾದ ಸುದ್ದಿ 2024ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು.

ಕತ್ತು ತಿರುಚಿದ ನಂತರ ತಲೆಸುತ್ತು, ಮಾತು ತೊದಲುವುದು, ಬಾಯಿ ಸೊಟ್ಟಗಾಗುವುದು, ಒಂದು ಕಡೆಯ ಕೈಕಾಲು ಸೋಲುವುದು ಕಂಡರೆ ಮನೆಯಲ್ಲಿ ಕಾಯಬೇಡಿ. ತಕ್ಷಣ 108ಕ್ಕೆ ಕರೆ ಮಾಡಿ.

ಭಾರತದಲ್ಲಿ ಮಾನ್ಯತೆ ಇದೆಯೇ?

ಕೈರೋಪ್ರಾಕ್ಟಿಕ್‌ಗೆ ನಮ್ಮಲ್ಲಿ ಪ್ರತ್ಯೇಕ ಕಾನೂನಾಗಲಿ, ನೋಂದಣಿ ಮಂಡಳಿಯಾಗಲಿ ಇಲ್ಲ. 2021ರ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಕಾಯ್ದೆಯಲ್ಲಿ ಫಿಸಿಯೋಥೆರಪಿ ಇದೆ, ಕೈರೋಪ್ರಾಕ್ಟಿಕ್ ಇಲ್ಲ. ಇದನ್ನು ಮೊದಲಿನಿಂದ ಕಲಿಯುವವರಿಗೆ ನಾಲ್ಕು ವರ್ಷಗಳಲ್ಲಿ ಕನಿಷ್ಠ 4,200 ಗಂಟೆಗಳ ಶಿಕ್ಷಣ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಹೇಳಿದೆ. ಆದರೆ ನಮ್ಮಲ್ಲಿ ಬೋರ್ಡ್ ಹಾಕಿಕೊಂಡವರು ಎಷ್ಟು ಕಲಿತಿದ್ದಾರೆ ಎಂದು ನೋಡುವ ವ್ಯವಸ್ಥೆಯೇ ಇಲ್ಲ. ಹಾಗಾಗಿ ಕೇಳುವ ಕೆಲಸ ನಿಮ್ಮದು:

- ನಿಮ್ಮ ಮೂಲ ಪದವಿ ಯಾವುದು? ಎಲ್ಲಿ ನೋಂದಣಿಯಾಗಿದೆ?
- ಕ್ಲಿನಿಕ್‌ಗೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ನೋಂದಣಿ ಸಂಖ್ಯೆ ಇದೆಯೇ?
- ಕತ್ತು ತಿರುಚದೆ ಚಿಕಿತ್ಸೆ ಕೊಡಲು ಆಗುತ್ತದೆಯೇ?

ಮೊದಲ ದಿನವೇ ಹತ್ತಿಪ್ಪತ್ತು ಸೆಷನ್‌ಗಳ ಪ್ಯಾಕೇಜ್‌ಗೆ ಹಣ ಕಟ್ಟಿಸಿಕೊಂಡರೆ ಅನುಮಾನಿಸಿ.

ಬೆನ್ನುನೋವಿಗೆ ಏನು ಮಾಡಬೇಕು?

ಹಾಸಿಗೆ ಹಿಡಿಯಬೇಡಿ, ಆದಷ್ಟು ಓಡಾಡಿ. ನೋವು ಇಳಿಯದಿದ್ದರೆ ವೈದ್ಯರನ್ನು ಕಂಡು, ಅವರ ಸಲಹೆಯಂತೆ ಫಿಸಿಯೋಥೆರಪಿ ಮಾಡಿಸಿಕೊಳ್ಳಿ. ಕಾರ್ಖಾನೆ ಕೆಲಸಗಾರರು ತಮ್ಮ ಇಎಸ್‌ಐ ಕಾರ್ಡ್ ಮರೆಯಬಾರದು. ಪ್ರತಿ ತಿಂಗಳು ಸಂಬಳದಿಂದ ಅದಕ್ಕೆ ಹಣ ಹೋಗುತ್ತಿರುವಾಗ, ಪೀಣ್ಯ ಅಥವಾ ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ಬಿಟ್ಟು ರೀಲ್ ನೋಡಿ ಸಾಲ ಮಾಡುವ ಅಗತ್ಯವಿಲ್ಲ.

ಕಾಲಿನ ಬಲ ಕುಂದಿದರೆ, ತೊಡೆ ಸಂದಿಯಲ್ಲಿ ಸ್ಪರ್ಶ ತಿಳಿಯದಿದ್ದರೆ, ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ ಅದು ತುರ್ತು ಸ್ಥಿತಿ. ಯಾರ ಕೈಯಲ್ಲೂ ಬೆನ್ನು ತಿರುಚಿಸಿಕೊಳ್ಳದೆ ನೇರ ಆಸ್ಪತ್ರೆಗೆ ಹೋಗಿ. ಬಿದ್ದು ಪೆಟ್ಟಾಗಿದ್ದರೆ, ಜ್ವರ ಇದ್ದರೆ, ಮೂಳೆ ಸವೆತ ಅಥವಾ ಕ್ಯಾನ್ಸರ್ ಇದ್ದರೆ ಕೂಡ ಮೊದಲು ವೈದ್ಯರ ಪರೀಕ್ಷೆ ಆಗಬೇಕು.

ತೀರ್ಮಾನ

‘ಒಂದೇ ಸಲಕ್ಕೆ ಡಿಸ್ಕ್ ಸರಿ’ ಎಂಬ ಹೇಳಿಕೆ ಸುಳ್ಳು. ‘ಬೆನ್ನುನೋವಿಗೆ ಸ್ವಲ್ಪ ಆರಾಮ’ ಎಂಬುದು ಭಾಗಶಃ ನಿಜ. ‘ಯಾವ ಅಪಾಯವೂ ಇಲ್ಲ’ ಎಂಬುದು ತಪ್ಪು. ಆ ರೀಲ್ ನಿಮ್ಮ ಗುಂಪಿಗೆ ಬಂದಾಗ ಇದನ್ನೂ ಅದರ ಜೊತೆ ಕಳುಹಿಸಿ.