ಪೆಟ್ಟಿಗೆಯಲ್ಲಿ ಪಯಣಿಸಿದ ಒಲೆ

ಪ್ರವಾಸಿ ಊರುಗಳ ಲಾಡ್ಜುಗಳಲ್ಲಿ ಕೋಣೆಯ ಬಾಗಿಲ ಹಿಂಬದಿಗೆ ನಿಯಮಗಳ ಪಟ್ಟಿಯೊಂದನ್ನು ಅಂಟಿಸಿರುತ್ತಾರೆ. ಇಷ್ಟು ಗಂಟೆಗೆ ಕೋಣೆ ಖಾಲಿ ಮಾಡಬೇಕು, ಬೆಲೆಬಾಳುವ ವಸ್ತುಗಳಿಗೆ ನಾವು ಹೊಣೆಯಲ್ಲ ಎಂಬ ಸಾಲುಗಳ ನಡುವೆ ‘ಕೋಣೆಯಲ್ಲಿ ಅಡುಗೆ ಮಾಡಬಾರದು’ ಎಂಬ ಸಾಲೂ ಸಾಮಾನ್ಯವಾಗಿ ಇರುತ್ತದೆ. ಆ ಪಟ್ಟಿಯ ಎದುರಿನಲ್ಲೇ ಸಂಸಾರವೊಂದು ಸೂಟ್‌ಕೇಸ್ ಬಿಚ್ಚಿ ಕರೆಂಟಿನ ಕೆಟಲ್, ಪುಟ್ಟ ರೈಸ್ ಕುಕ್ಕರ್, ಕೆಲವೊಮ್ಮೆ ಇಂಡಕ್ಷನ್ ಒಲೆಯನ್ನೂ ಹೊರತೆಗೆಯುವುದು ಅಷ್ಟೇ ಸಾಮಾನ್ಯ. ಮಗುವಿಗೆ ರಾಗಿ ಸರಿ, ಸಕ್ಕರೆ ಕಾಯಿಲೆಯ ಅಜ್ಜನಿಗೆ ಹೊತ್ತಿಗೆ ಸರಿಯಾಗಿ ಒಂದು ಹಿಡಿ ಅನ್ನ, ಉಳಿದವರಿಗೆ ಬೆಳಗಿನ ಕಾಫಿ. ನಿಷೇಧವನ್ನು ಬರೆದು ಅಂಟಿಸಬೇಕಾಗಿ ಬಂದಿದೆ ಎಂದ ಮೇಲೆ ಅದನ್ನು ಮೀರುವವರು ಇದ್ದೇ ಇದ್ದಾರೆ ಎಂದಾಯಿತು.

ಇದನ್ನು ಜಿಪುಣತನವೆಂದು ನಗುವವರುಂಟು. ಆದರೆ ನೂರೈವತ್ತು ವರ್ಷಗಳ ಹಿಂದೆ ನಮ್ಮ ನಾಡಿನಲ್ಲಿ ಪಾತ್ರೆ ಪಡಗ ಇಲ್ಲದೆ ದೂರದ ಊರಿಗೆ ಹೊರಟವನನ್ನು ಕಂಡು ಜನ ನಗುತ್ತಿದ್ದರು. ಪ್ರಯಾಣವೆಂದರೆ ಅಡುಗೆಮನೆಯನ್ನೂ ಹೊತ್ತು ನಡೆಯುವುದು ಎಂದೇ ಅರ್ಥವಿತ್ತು. ಯಾರ ಕೈಯ ಅನ್ನವನ್ನು ಯಾರು ಉಣ್ಣಬಹುದು, ಯಾರನ್ನು ಯಾವ ಸೂರಿನಡಿ ಸೇರಿಸಬಹುದು ಎಂಬ ಪ್ರಶ್ನೆಗಳು ಈ ಚಿಕ್ಕ ಒಲೆಗೆ ಬಹುಕಾಲ ಅಂಟಿಕೊಂಡಿದ್ದವು.

ಛತ್ರ ಕೊಟ್ಟದ್ದು ಸೂರು ಮತ್ತು ಒಲೆ

ಹದಿನಾಲ್ಕನೆಯ ಶತಮಾನದಲ್ಲಿ ಹೊನ್ನಾವರಕ್ಕೂ ಬಂದು, ಅಲ್ಲಿಂದ ಮಲಬಾರಿನ ಕಡೆಗೆ ಹೋದ ಮೊರಾಕೊ ದೇಶದ ಯಾತ್ರಿಕ ಇಬ್ನ್ ಬತೂತ ಕರಾವಳಿಯ ದಾರಿಯನ್ನು ಬಾಯ್ತುಂಬ ಹೊಗಳಿದ್ದಾನೆ. ಪ್ರತಿ ಅರ್ಧ ಮೈಲಿಗೊಂದು ಮರದ ತಂಗುದಾಣ, ಕೂರಲು ಜಗಲಿ, ಪಕ್ಕದಲ್ಲಿ ಬಾವಿ, ನೀರು ಕೊಡಲು ಒಬ್ಬ ಆಳು. ಬಂದವನು ಹಿಂದುವಾದರೆ ಪಾತ್ರೆಯಲ್ಲಿ ನೀರು, ಮುಸ್ಲಿಮನಾದರೆ ಬೊಗಸೆಗೆ ಸುರಿದ ನೀರು. ಊಟದ ವ್ಯವಸ್ಥೆಯೂ ಬೇರೆ ಬೇರೆ. ದಾರಿಯುದ್ದಕ್ಕೂ ಇದ್ದ ಮುಸ್ಲಿಮರ ಮನೆಗಳಲ್ಲಿ ಮುಸ್ಲಿಂ ಪ್ರಯಾಣಿಕರಿಗೆ ಅಡುಗೆಯಾಗುತ್ತಿತ್ತು. ಇನ್ನೂರು ವರ್ಷಗಳ ನಂತರ ಉತ್ತರದಲ್ಲಿ ಶೇರ್ ಶಾಹ ಹೆದ್ದಾರಿಗಳಲ್ಲಿ ಸರಾಯಿಗಳನ್ನು ಕಟ್ಟಿಸಿದಾಗಲೂ ಹಿಂದೂ ಮುಸ್ಲಿಮರಿಗೆ ಬೇರೆ ಬೇರೆ ಏರ್ಪಾಟು ಮಾಡಿಸಿದನೆಂದು ಅವನ ಚರಿತ್ರಕಾರರು ಬರೆದಿದ್ದಾರೆ. ನೆರಳು ಎಲ್ಲರಿಗೂ ಒಂದೇ ಆಗಬಹುದಿತ್ತು, ಅನ್ನ ಮಾತ್ರ ಒಂದಾಗುವಂತಿರಲಿಲ್ಲ.

ನಮ್ಮ ಛತ್ರಗಳೂ ಈ ತತ್ವದ ಮೇಲೆಯೇ ನಡೆದವು. ದೇವಾಲಯ, ಮಠಗಳ ಆಸರೆಯಲ್ಲಿದ್ದ ಅನ್ನಛತ್ರಗಳ ಮಾತು ಬೇರೆ. ಸಾಮಾನ್ಯ ಛತ್ರದಲ್ಲಿ ದೊರೆಯುತ್ತಿದ್ದುದು ಸೂರು, ಬಾವಿ, ಕಲ್ಲಿನ ಒಲೆ. ಅಕ್ಕಿ ಬೇಳೆ ಯಾತ್ರಿಕನದು, ಬೇಯಿಸುವ ಕೈಯೂ ಅವನದೇ. ಮದರಾಸಿನ ಸುಪ್ರೀಂ ಕೋರ್ಟಿನಲ್ಲಿ ದುಭಾಷಿಯಾಗಿದ್ದ ಏನುಗುಲ ವೀರಾಸ್ವಾಮಿ 1830ರ ಮೇ ತಿಂಗಳಲ್ಲಿ ಸುಮಾರು ನೂರು ಜನರೊಡನೆ ಕಾಶಿಗೆ ಹೊರಟು ಮರುವರ್ಷ ಸೆಪ್ಟೆಂಬರಿನಲ್ಲಿ ಹಿಂದಿರುಗಿದರು. ತೆಲುಗಿನಲ್ಲಿ ಅವರು ಬರೆದ ದಿನಚರಿಯಲ್ಲಿ ದೇವರ ದರ್ಶನದಷ್ಟೇ ಮುಖ್ಯವಾಗಿ ಮತ್ತೆ ಮತ್ತೆ ಬರುವ ವಿಷಯ ಒಂದಿದೆ. ಈ ಊರಿನಲ್ಲಿ ಇಳಿಯಲು ಸ್ಥಳವಿದೆಯೇ, ಅಂಗಡಿಯಿದೆಯೇ, ದಿನಸಿ ಸಿಗುತ್ತದೆಯೇ? ಮುಂದೆ ಬರುವ ಯಾತ್ರಿಕರಿಗೆ ಅದಕ್ಕಿಂತ ಉಪಯುಕ್ತವಾದ ಮಾಹಿತಿ ಬೇರೆ ಇರಲಿಲ್ಲ.

ದಾರಿಯ ಆಹಾರಕ್ಕೂ ಶಾಸ್ತ್ರವಿತ್ತು. ನೀರಿನಲ್ಲಿ ಬೆಂದ ಅನ್ನ ಸಾರುಗಳು ಮಡಿವಂತರಿಗೆ ಮುಸುರೆ. ಅವನ್ನು ಮುಟ್ಟಿದರೆ, ಸಾಗಿಸಿದರೆ ಮೈಲಿಗೆಯ ಭಯ. ಎಣ್ಣೆ ತುಪ್ಪದಲ್ಲಿ ಕರಿದದ್ದಕ್ಕೆ, ಹುರಿದದ್ದಕ್ಕೆ ಅಷ್ಟು ಕಟ್ಟುನಿಟ್ಟಿಲ್ಲ. ಉತ್ತರ ಭಾರತದಲ್ಲಿ ಇದನ್ನೇ ಕಚ್ಚಾ, ಪಕ್ಕಾ ಎಂದು ವಿಂಗಡಿಸಿದರು. ಪೂರಿ, ಚಕ್ಕುಲಿ, ಉಂಡೆ, ಹುರಿಹಿಟ್ಟು, ಅವಲಕ್ಕಿಗಳು ಪ್ರಯಾಣದ ತಿಂಡಿಗಳಾಗಲು ಅವು ಬೇಗ ಕೆಡುವುದಿಲ್ಲ ಎಂಬುದಷ್ಟೇ ಕಾರಣವಲ್ಲ, ಈ ವಿಂಗಡಣೆಯೂ ಒಂದು ಕಾರಣ.

ಬುತ್ತಿ ಇತ್ತು, ನೀರಿರಲಿಲ್ಲ

ಆದರೆ ಛತ್ರದ ಒಲೆ ಎಲ್ಲರದೂ ಆಗಿರಲಿಲ್ಲ. ಮೇಲುಜಾತಿಯವರು ಪರರ ಅನ್ನ ಬೇಡವೆಂದು ತಮ್ಮ ಒಲೆಯನ್ನು ಹೊತ್ತರು. ಅಸ್ಪೃಶ್ಯರೆನಿಸಿಕೊಂಡವರಿಗೆ ಒಳಗೆ ಬರಗೊಡುವ ಛತ್ರವೇ ಇಲ್ಲದೆ, ಎಲ್ಲವನ್ನೂ ತಾವೇ ಹೊರುವುದು ಅನಿವಾರ್ಯವಾಯಿತು. ಹೊರೆ ಒಂದೇ ಬಗೆಯದಾಗಿ ಕಂಡರೂ ಅದರ ಭಾರ ಬೇರೆ.

ಡಾ. ಅಂಬೇಡ್ಕರ್ ಅವರು ‘ವೇಟಿಂಗ್ ಫಾರ್ ಎ ವೀಸಾ’ ಎಂಬ ತಮ್ಮ ಪುಟ್ಟ ಆತ್ಮವೃತ್ತಾಂತದಲ್ಲಿ 1901ರ ಒಂದು ಪ್ರಯಾಣವನ್ನು ನೆನೆದಿದ್ದಾರೆ. ಆಗ ಅವರು ಒಂಬತ್ತು ವರ್ಷದ ಬಾಲಕ. ಗೋರೇಗಾಂವ್‌ನಲ್ಲಿ ಕೆಲಸದಲ್ಲಿದ್ದ ತಂದೆಯೊಡನೆ ಬೇಸಿಗೆ ರಜೆ ಕಳೆಯಲು ಅಣ್ಣನೊಂದಿಗೆ, ಅಕ್ಕನ ಮಕ್ಕಳೊಂದಿಗೆ ಸಾತಾರಾದಿಂದ ಹೊರಟಿದ್ದರು. ಹೊಸ ಬಟ್ಟೆ, ಮೊದಲ ರೈಲು ಪ್ರಯಾಣ. ರೈಲಿಳಿದ ಮೇಲೆ ಮಹಾರ್ ಜಾತಿಯ ಮಕ್ಕಳೆಂದು ತಿಳಿದ ಕೂಡಲೇ ಗಾಡಿ ಹೊಡೆಯಲು ಯಾರೂ ಒಪ್ಪಲಿಲ್ಲ. ಎರಡರಷ್ಟು ಬಾಡಿಗೆ ಕೊಟ್ಟು, ಗಾಡಿಯನ್ನು ತಾವೇ ಹೊಡೆಯುವುದಾಗಿ ಒಪ್ಪಿದ ಮೇಲೆಯೇ ಒಬ್ಬ ಬಂದ. ಜೊತೆಯಲ್ಲಿ ತಂದಿದ್ದ ಬುತ್ತಿಯಲ್ಲಿ ಊಟ ಬೇಕಾದಷ್ಟಿತ್ತು. ಕುಡಿಯುವ ನೀರು ಮಾತ್ರ ರಾತ್ರಿಯಿಡೀ ಒಂದು ಕಡೆಯೂ ಸಿಗಲಿಲ್ಲ. ನೀರಿಲ್ಲದೆ ಊಟ ಮಾಡಲಾಗದೆ ಮಕ್ಕಳು ಹಸಿದೇ ಮಲಗಿದರು. ರಜೆಯ ಪ್ರಯಾಣ ಕುರಿತ ನಮ್ಮ ಬರಹಗಳಲ್ಲಿ ಇಷ್ಟು ಕಹಿಯಾದ ಇನ್ನೊಂದು ಪುಟವನ್ನು ಕಾಣುವುದು ಕಷ್ಟ.

ನೀಲಿ ಜ್ವಾಲೆಯ ಕಾಲ

ರೈಲು ಮತ್ತು ಹಡಗು ಪ್ರಯಾಣದ ವೇಗವನ್ನು ಹೆಚ್ಚಿಸಿದವು. ಸೌದೆ ಒಲೆಗೆ ಅಲ್ಲಿ ಜಾಗವಿರಲಿಲ್ಲ. 1888ರಲ್ಲಿ ಇಂಗ್ಲೆಂಡಿಗೆ ಹಡಗು ಹತ್ತಿದ ಹದಿನೆಂಟರ ತರುಣ ಗಾಂಧಿ ಊಟದ ಮೇಜಿಗೆ ಹೋಗಲು ಸಂಕೋಚಪಟ್ಟು, ಮನೆಯಿಂದ ತಂದ ಸಿಹಿತಿಂಡಿ ಹಣ್ಣುಗಳಲ್ಲೇ ಬಹುಮಟ್ಟಿಗೆ ದಿನ ನೂಕಿದರು. ಲಂಡನ್ನಿನಲ್ಲಿ ಕೆಲಕಾಲದ ನಂತರ ಖರ್ಚು ತಗ್ಗಿಸಲು ಬಾಡಿಗೆ ಕೋಣೆಗೆ ಒಂದು ಸ್ಟೌ ಕೊಂಡರು. ಬೆಳಿಗ್ಗೆ ಓಟ್ಸ್ ಗಂಜಿ, ಕೋಕೋಗೆ ಬಿಸಿನೀರು. ಇಪ್ಪತ್ತು ನಿಮಿಷದ ಕೆಲಸ. ದಿನಕ್ಕೆ ಒಂದು ಶಿಲಿಂಗ್ ಮೂರು ಪೆನ್ಸ್‌ನಲ್ಲಿ ಊಟ ಮುಗಿಯುತ್ತಿತ್ತೆಂದು ಆತ್ಮಕಥೆಯಲ್ಲಿ ಲೆಕ್ಕ ಕೊಟ್ಟಿದ್ದಾರೆ. ಕೋಣೆಯೊಳಗಿನ ಒಲೆ ಇಲ್ಲಿ ಮಡಿಯ ಸಾಧನವಾಗಿರದೆ, ಮಿತವ್ಯಯದ ಸಾಧನವಾದುದನ್ನು ಗಮನಿಸಬೇಕು.

1892ರಲ್ಲಿ ಸ್ವೀಡನ್ನಿನ ಫ್ರಾನ್ಸ್ ಲಿಂಡ್‌ಕ್ವಿಸ್ಟ್ ಪ್ರೈಮಸ್ ಸ್ಟೌ ಕಂಡುಹಿಡಿದ. ಪಂಪಿನಿಂದ ಗಾಳಿ ತುಂಬಿದಾಗ ಸೀಮೆಎಣ್ಣೆ ಮೇಲೇರಿ, ಬಿಸಿಯಾದ ಬರ್ನರಿನಲ್ಲಿ ಆವಿಯಾಗಿ, ಸಣ್ಣ ರಂಧ್ರದಿಂದ ಚಿಮ್ಮಿ ಉರಿಯುತ್ತದೆ. ಬತ್ತಿಯಿಲ್ಲ, ಮಸಿಯೂ ಇಲ್ಲವೆನ್ನುವಷ್ಟು ಕಡಿಮೆ. 1911ರಲ್ಲಿ ದಕ್ಷಿಣ ಧ್ರುವ ಮುಟ್ಟಿದ ಅಮುಂಡ್‌ಸೆನ್ನನ ತಂಡದಲ್ಲಿದ್ದ ಈ ಒಲೆಯೇ ನಮ್ಮ ಮಧ್ಯಮ ವರ್ಗದ ಟ್ರಂಕುಗಳಲ್ಲೂ ಸೇರಿತು. ಸ್ಪಿರಿಟ್ ಸುರಿದು ಹೊತ್ತಿಸುವುದು, ಪಿನ್ನು ಹಾಕಿ ಕಸ ತೆಗೆಯುವುದು ಒಂದು ಕಾಲದ ಸಂಸಾರ ವಿದ್ಯೆಯೇ ಆಗಿತ್ತು.

ಇದೇ ಕಾಲದಲ್ಲಿ ನಮ್ಮವರೂ ತಲೆ ಓಡಿಸಿದರು. ಕಲ್ಕತ್ತದ ವೈದ್ಯ ಇಂದುಮಾಧವ ಮಲ್ಲಿಕ್ 1910ರಲ್ಲಿ ‘ಇಕ್‌ಮಿಕ್ ಕುಕ್ಕರ್’ ಎಂಬ ಸಾಧನ ರೂಪಿಸಿದರು. ಊಟದ ಕ್ಯಾರಿಯರ್‌ನಂತೆ ಒಂದರ ಮೇಲೊಂದು ಡಬ್ಬಿ, ಸುತ್ತಲೂ ಒಂದು ಹೊರಪಾತ್ರೆ, ಕೆಳಗೆ ಇದ್ದಿಲ ಕೆಂಡ. ಅನ್ನ, ಬೇಳೆ, ಪಲ್ಯ ಒಟ್ಟಿಗೆ ಹಬೆಯಲ್ಲಿ ನಿಧಾನವಾಗಿ ಬೇಯುತ್ತಿದ್ದವು, ಕಾದು ಕೂರುವ ಅಗತ್ಯವಿರಲಿಲ್ಲ. ಪುರಿ ಜಗನ್ನಾಥನ ಅಡುಗೆಶಾಲೆಯಲ್ಲಿ ಒಂದರ ಮೇಲೊಂದು ಮಡಕೆ ಪೇರಿಸಿ ಮಹಾಪ್ರಸಾದ ಬೇಯಿಸುವುದನ್ನು ಕಂಡು ಈ ಉಪಾಯ ಹೊಳೆಯಿತೆಂದು ಹೇಳುತ್ತಾರೆ. ನಮ್ಮ ಕಡೆಯ ಹಿರಿಯರು ನೆನಪಿಸಿಕೊಳ್ಳುವ ರುಕ್ಮಿಣಿ ಕುಕ್ಕರ್ ಸಹ ಇದೇ ಜಾತಿಯದು.

ಹೋಟೆಲು ಬೇರೆ, ಲಾಡ್ಜು ಬೇರೆ

ಕನ್ನಡದಲ್ಲಿ ‘ಹೋಟೆಲಿಗೆ ಹೋಗೋಣ’ ಎಂದರೆ ದೋಸೆ ಕಾಫಿಗೆ ಹೋಗೋಣವೆಂದೇ ಅರ್ಥ. ತಂಗುವ ಸ್ಥಳಕ್ಕೆ ನಾವು ಲಾಡ್ಜು ಎಂಬ ಬೇರೆ ಪದ ಇಟ್ಟುಕೊಂಡಿದ್ದೇವೆ. ಇಂಗ್ಲಿಷಿನಲ್ಲಿ ಮಲಗುವ ಜಾಗವನ್ನು ಸೂಚಿಸುವ ಪದ ಇಲ್ಲಿ ಉಣ್ಣುವ ಜಾಗಕ್ಕೆ ಅಂಟಿಕೊಂಡದ್ದು ಸೋಜಿಗವೇನಲ್ಲ. ಮಲಗಲು ಛತ್ರ ಮೊದಲೇ ಇತ್ತು. ಹಣ ಕೊಟ್ಟು ಪರರ ಕೈಯಡುಗೆ ಉಣ್ಣುವುದೇ ನಮಗೆ ಹೊಸದಾಗಿದ್ದುದು.

ಆ ಹೊಸತನ್ನು ಮಡಿವಂತರಿಗೂ ಒಪ್ಪಿಸಿದ ಕೀರ್ತಿ ಬಹುಪಾಲು ಉಡುಪಿ ಕಡೆಯ ಹೋಟೆಲುಗಳಿಗೆ ಸಲ್ಲಬೇಕು. ಅಡುಗೆಯವರು ಬ್ರಾಹ್ಮಣರು ಎಂಬ ಭರವಸೆಯೇ ಮೊದಮೊದಲು ಅವುಗಳ ಬಂಡವಾಳ. ಇಂದು ಎಂ.ಟಿ.ಆರ್. ಎಂದು ಹೆಸರಾಗಿರುವ ಬೆಂಗಳೂರಿನ ಹೋಟೆಲು 1924ರಲ್ಲಿ ಆರಂಭವಾದಾಗ ಅದರ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್. ಅಂದಿನ ಹಲವು ಹೋಟೆಲುಗಳಲ್ಲಿ, ರೈಲು ನಿಲ್ದಾಣಗಳ ಉಪಾಹಾರ ಗೃಹಗಳಲ್ಲಿ ಬ್ರಾಹ್ಮಣರಿಗೆ ಪ್ರತ್ಯೇಕ ಸ್ಥಳವಿರುತ್ತಿತ್ತು. ಚಳವಳಿಗಳು ಈ ಗೋಡೆಗಳನ್ನು ಅಲುಗಾಡಿಸಿದವು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿ ಅಂಗಡಿ, ಹೋಟೆಲು, ಸಾರ್ವಜನಿಕ ಉಪಾಹಾರ ಗೃಹ, ಬಾವಿ, ಕೆರೆಗಳ ಪ್ರವೇಶಕ್ಕೆ ಜಾತಿ, ಧರ್ಮಗಳನ್ನು ಅಡ್ಡ ತರಬಾರದೆಂದು ಹೇಳಿತು. ನೀರಿಲ್ಲದೆ ಹಸಿದು ಮಲಗಿದ್ದ ಆ ಬಾಲಕನೇ ಈ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷನಾಗಿದ್ದ. ಬಾವಿ ಮತ್ತು ಹೋಟೆಲು ಒಂದೇ ವಿಧಿಯಲ್ಲಿ ಜೊತೆಯಾಗಿ ಬಂದಿರುವುದರ ಹಿಂದೆ ಎಷ್ಟು ಪ್ರಯಾಣಿಕರ ಬಾಯಾರಿಕೆಯಿದೆ ಎಂಬುದನ್ನು ಓದುಗರು ಊಹಿಸಿಕೊಳ್ಳಬಹುದು.

ಹೀಗೆ ಹೋಟೆಲಿನ ಅನ್ನದ ಮೇಲೆ ನಂಬಿಕೆ ಬೆಳೆದಂತೆ ಟ್ರಂಕಿನಿಂದ ಒಲೆ ಇಳಿಯಿತು. ಛತ್ರದ ಜಾಗಕ್ಕೆ ಬಂದ ಲಾಡ್ಜು ಒಲೆಯನ್ನು ಕೊಡಲಿಲ್ಲ. ಊಟ ಕೆಳಗಿನ ಹೋಟೆಲಿನಲ್ಲಿ, ನಿದ್ದೆ ಮೇಲಿನ ಕೋಣೆಯಲ್ಲಿ ಎಂಬ ಹೊಸ ಕ್ರಮ ಬಂತು.

ಸ್ವಿಚ್ಚಿನ ಒಲೆ

ಒಲೆ ಮರಳಿ ಬಂದದ್ದು ವಿದ್ಯುತ್ತಿನ ರೂಪದಲ್ಲಿ. 1955ರಲ್ಲಿ ಬ್ರಿಟನ್ನಿನ ರಸೆಲ್ ಹಾಬ್ಸ್ ಕಂಪನಿ ನೀರು ಕುದಿದೊಡನೆ ತಾನೇ ಆರುವ ಕೆಟಲನ್ನು ಹೊರತಂದಿತು. ಹಬೆ ತಾಗಿ ಎರಡು ಲೋಹಗಳ ಪಟ್ಟಿ ಬಾಗುತ್ತದೆ, ಸ್ವಿಚ್ಚು ಆರುತ್ತದೆ. ಅದೇ ವರ್ಷ ಜಪಾನಿನ ತೋಷಿಬಾ ಕಂಪನಿಯ ರೈಸ್ ಕುಕ್ಕರ್ ಮಾರುಕಟ್ಟೆಗೆ ಬಂತು. ಹೊರಪಾತ್ರೆಯ ನೀರು ಸುಮಾರು 20 ನಿಮಿಷದಲ್ಲಿ ಇಂಗಿದಾಗ ಉಷ್ಣತೆ 100 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ, ಆಗ ಸ್ವಿಚ್ಚು ತಾನಾಗಿ ಆರುತ್ತದೆ. ಹೊಗೆಯಿಲ್ಲದ, ಕಾಯಬೇಕಿಲ್ಲದ ಈ ಎರಡು ಉಪಕರಣಗಳು ಕೋಣೆಯೊಳಗಿನ ಅಡುಗೆಯನ್ನು ಬಹಳ ಸುಲಭ ಮಾಡಿದವು. ವಿದೇಶದಲ್ಲಿರುವ ಕನ್ನಡಿಗರ ಕಾರಿನ ಡಿಕ್ಕಿಯಲ್ಲಿ ರೈಸ್ ಕುಕ್ಕರ್, ಪುಳಿಯೋಗರೆ ಗೊಜ್ಜು, ಚಟ್ನಿಪುಡಿಗಳು ಊರೂರು ಸುತ್ತತೊಡಗಿದವು.

ಆದರೆ ಲಾಡ್ಜಿನ ಗೋಡೆಗೂ ಒಂದು ಮಿತಿಯಿದೆ. ನಮ್ಮ 230 ವೋಲ್ಟಿನಲ್ಲಿ 6 ಆಂಪಿಯರ್ ಸಾಕೆಟ್ ತಾಳುವುದು ಸುಮಾರು 1,380 ವಾಟ್. ಕೆಟಲ್ 1,500 ವಾಟ್ ಬೇಡುತ್ತದೆ, ಇಂಡಕ್ಷನ್ ಒಲೆ 2,000ದವರೆಗೂ ಬೇಡುತ್ತದೆ. ಒಂದೇ ಪ್ಲಗ್ಗಿಗೆ ಮೂರು ಕವಲು ಹಾಕಿದರೆ ತಂತಿ ಬಿಸಿಯಾಗುತ್ತದೆ. ಅಮೆರಿಕದ 120 ವೋಲ್ಟಿನಲ್ಲಿ ನಮ್ಮ ಕೆಟಲ್ ಕಾಲುಭಾಗ ಶಕ್ತಿಯಲ್ಲಷ್ಟೇ ಕಾಯುತ್ತದೆ. ಅಲ್ಲಿಂದ ತಂದದ್ದನ್ನು ಇಲ್ಲಿ ಸಿಕ್ಕಿಸಿದರೆ ಸುಟ್ಟುಹೋಗುತ್ತದೆ.

ಬೆಂಕಿಯ ಭಯ ಬರಿಯ ನೆಪವಲ್ಲ. 1997ರ ಏಪ್ರಿಲ್ 15ರಂದು ಹಜ್ ಯಾತ್ರಿಕರು ತಂಗಿದ್ದ ಮಿನಾದಲ್ಲಿ ಬಿರುಗಾಳಿಯ ನಡುವೆ ಹಬ್ಬಿದ ಬೆಂಕಿಗೆ ಸುಮಾರು 70,000 ಡೇರೆಗಳು ಸುಟ್ಟು 343 ಜನ ಸತ್ತರು. ಅಡುಗೆಯ ಗ್ಯಾಸ್ ಅದಕ್ಕೆ ಕಾರಣವೆನ್ನಲಾಯಿತು. ನಂತರ ಅಲ್ಲಿ ಡೇರೆಗಳೊಳಗಿನ ಗ್ಯಾಸ್ ಅಡುಗೆ ನಿಂತಿತು, ಬೆಂಕಿ ತಡೆಯುವ ಡೇರೆಗಳು ಬಂದವು. 2023ರ ಆಗಸ್ಟ್ 26ರ ಬೆಳಗಿನ ಜಾವ ಮಧುರೆ ನಿಲ್ದಾಣದ ಬಳಿ ನಿಲ್ಲಿಸಿದ್ದ, ಲಖನೌ ಕಡೆಯ ಯಾತ್ರಿಕರ ಬೋಗಿಗೆ ಬೆಂಕಿ ಹೊತ್ತಿ 9 ಜನ ಪ್ರಾಣ ಬಿಟ್ಟರು. ಒಳಗೆ ಕದ್ದು ತಂದಿದ್ದ ಗ್ಯಾಸ್ ಸಿಲಿಂಡರ್ ಇತ್ತು. ಅಪಾಯಕರ ವಸ್ತುಗಳನ್ನು ರೈಲಿನಲ್ಲಿ ಒಯ್ದರೆ ಮೂರು ವರ್ಷದವರೆಗೆ ಸೆರೆವಾಸ ವಿಧಿಸಲು 1989ರ ರೈಲ್ವೆ ಕಾಯ್ದೆಯಲ್ಲಿ ಅವಕಾಶವಿದೆ. ಆದರೂ ಯಾತ್ರೆ ಹೊರಟವರಿಗೆ ತಮ್ಮೂರಿನ ರುಚಿಯ ಒಂದು ಲೋಟ ಚಹಾ ಬಿಡುವುದು ಕಷ್ಟ.

ಒಲೆಯ ಜೊತೆ ಯಾರು?

ಇಂದು ಕೋಣೆಯಲ್ಲಿ ಅಡುಗೆ ಮಾಡುವವರ ಕಾರಣಗಳು ಬಹುಮಟ್ಟಿಗೆ ನ್ಯಾಯವಾದುವೇ. ನಾಲ್ಕು ಜನರ ಸಂಸಾರ ಮೂರು ಹೊತ್ತೂ ಹೊರಗೆ ಉಂಡರೆ ಪ್ರವಾಸದ ಹಣ ಎರಡೇ ದಿನಕ್ಕೆ ಕರಗುತ್ತದೆ. ಕೂಸಿಗೆ, ರೋಗಿಗೆ ಹೋಟೆಲಿನ ಖಾರ ಒಗ್ಗದು. ಇದನ್ನು ಅರಿತ ಕೆಲವು ಲಾಡ್ಜುಗಳು ಕೋಣೆಗೊಂದು ಕೆಟಲ್ ಇಟ್ಟಿವೆ. ಚಿಕ್ಕ ಅಡುಗೆಮನೆಯಿರುವ ವಸತಿಗಳೂ ಬಂದಿವೆ. ಬಾಗಿಲ ಹಿಂದೆ ನಿಷೇಧ ಅಂಟಿಸಿ ಕಣ್ಣು ಮುಚ್ಚಿಕೊಳ್ಳುವುದಕ್ಕಿಂತ, ಮಹಡಿಗೊಂದು ಸುರಕ್ಷಿತ ಅಡುಗೆ ಕಟ್ಟೆ ಕೊಡುವುದು ಜಾಣತನ. ಹಳೆಯ ಛತ್ರಗಳು ಕಲ್ಲಿನ ಒಲೆ ಹಾಕಿಸಿ ಮಾಡಿದ್ದು ಇದನ್ನೇ.

ಒಂದು ಪ್ರಶ್ನೆ ಮಾತ್ರ ಉಳಿಯುತ್ತದೆ. ಪೆಟ್ಟಿಗೆಯಲ್ಲಿ ಒಲೆ ಪ್ರಯಾಣ ಹೊರಟಾಗ ಅದರ ಮುಂದೆ ಕೂರುವವರೂ ಹೊರಡಬೇಕು. ನಮ್ಮ ಮನೆಗಳಲ್ಲಿ ಅದು ಸಾಮಾನ್ಯವಾಗಿ ಹೆಂಗಸು. ಎಲ್ಲರೂ ಕಡಲ ತೀರಕ್ಕೆ ಇಳಿದ ಮೇಲೆ ಬಚ್ಚಲಿನ ನಲ್ಲಿಯಲ್ಲಿ ಕುಕ್ಕರ್ ತೊಳೆಯುತ್ತ ನಿಂತವಳಿಗೆ ಊರು ಬದಲಾಗಿದೆ, ಕೆಲಸ ಬದಲಾಗಿಲ್ಲ. ಯಾರ ಕೈಯ ಅನ್ನ ಉಣ್ಣಬಹುದು ಎಂಬ ಪ್ರಶ್ನೆಯನ್ನು ಬಹುಪಾಲು ದಾಟಿ ಬಂದ ನಾವು, ರಜೆಯ ದಿನಗಳಲ್ಲಾದರೂ ಆ ಅನ್ನ ಯಾರ ಕೈಯಿಂದ ಆಗಬೇಕು ಎಂದು ಕೇಳಿಕೊಳ್ಳುವುದು ಒಳ್ಳೆಯದು.